ಸೌತೆ ಬಳ್ಳಿ ಬಾಡಿದ್ದೇಕೆ? ಸಸ್ಯರೋಗ ಪತ್ತೆಯ ಒಂದೂವರೆ ಶತಮಾನ

ಹಿತ್ತಿಲಿನಲ್ಲೋ ತಾರಸಿಯ ಕುಂಡದಲ್ಲೋ ಸೌತೆ ಬೀಜ ಊರಿದವರಿಗೆ ಈ ಅನುಭವ ಹೊಸದಲ್ಲ. ಬಳ್ಳಿ ಹುಲುಸಾಗಿ ಹಬ್ಬಿ, ಹಳದಿ ಹೂ ಬಿಟ್ಟು, ಮೊದಲ ಮಿಡಿಗಳು ಕಾಣಿಸಿಕೊಂಡಿರುತ್ತವೆ. ಒಂದು ದಿನ ನೋಡಿದರೆ ಎಲೆಗಳು ಜೋತುಬಿದ್ದಿವೆ. ಇಲ್ಲವೇ ಎಲೆಯ ಮೇಲೆ ಹಳದಿ ಚುಕ್ಕೆಗಳು ಎದ್ದಿವೆ. ನೀರು ಸಾಲದೆಂದು ಒಬ್ಬರು, ನೀರು ಹೆಚ್ಚಾಯಿತೆಂದು ಇನ್ನೊಬ್ಬರು ಹೇಳುತ್ತಾರೆ. ಔಷಧಿ ಅಂಗಡಿಯಲ್ಲಿ ಕೇಳಿದರೆ ಒಂದು ಬಾಟಲಿ ಕೈಗೆ ಬರುತ್ತದೆ. ಅದನ್ನು ಸಿಂಪಡಿಸಿದರೂ ಬಳ್ಳಿ ಒಣಗುತ್ತದೆ.

ಇಲ್ಲಿ ನಷ್ಟ ಒಂದು ಬಳ್ಳಿಯದು ಮಾತ್ರವಲ್ಲ. ಸೌತೆಕಾಯಿಯನ್ನು ನಾವು ಬೇಯಿಸದೆ, ಅನೇಕ ವೇಳೆ ಸಿಪ್ಪೆಸಹಿತ ತಿನ್ನುತ್ತೇವೆ. ಕಾಯಿ ಬಿಡಲು ತೊಡಗಿದ ಮೇಲೆ ಒಂದೆರಡು ದಿನಕ್ಕೊಮ್ಮೆ ಕೊಯ್ಯುತ್ತೇವೆ. ಹಾಗಾಗಿ ಕಾರಣ ತಿಳಿಯದೆ ಸಿಂಪಡಿಸಿದ ವಿಷ ರೋಗವನ್ನು ಗುಣಪಡಿಸದಿದ್ದರೂ ನಮ್ಮ ತಟ್ಟೆಗೆ ಬರುವುದಂತೂ ಖಂಡಿತ. ಆದ್ದರಿಂದ 'ಯಾವ ಔಷಧಿ?' ಎಂಬ ಪ್ರಶ್ನೆಗೆ ಮೊದಲು 'ಯಾವ ರೋಗ?' ಎಂದು ಕೇಳಬೇಕು.

ಈ ಎರಡನೆಯ ಪ್ರಶ್ನೆಗೆ ಉತ್ತರ ಸುಲಭವಾಗಿ ಸಿಕ್ಕಿದ್ದಲ್ಲ. ಗಿಡದ ಯಾವ ಭಾಗವನ್ನು ನೋಡಬೇಕು, ಏನನ್ನು ಹುಡುಕಬೇಕು ಎಂದು ಇಂದು ನಾವು ಹೇಳುವ ಒಂದೊಂದು ಗುರುತಿನ ಹಿಂದೆಯೂ ಒಬ್ಬರ ದುಡಿಮೆ ಇದೆ, ಕೆಲವೊಮ್ಮೆ ಜಗಳವೂ ಇದೆ. ಸಸ್ಯರೋಗ ವಿಜ್ಞಾನದ ಹಲವು ಮೊದಲ ಪಾಠಗಳು ಸೌತೆ ಬಳ್ಳಿಯಿಂದಲೇ ದೊರೆತವು ಎಂಬುದು ಸ್ವಾರಸ್ಯದ ಸಂಗತಿ.

ಬೇರಿನ ಗಂಟು

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಇಂಗ್ಲೆಂಡಿನಲ್ಲಿ ಸೌತೆಯನ್ನು ಗಾಜಿನ ಮನೆಗಳಲ್ಲಿ ಬೆಳೆಯುತ್ತಿದ್ದರು. ಮೈಲ್ಸ್ ಜೋಸೆಫ್ ಬರ್ಕ್ಲಿ ಅಲ್ಲಿನ ಒಬ್ಬ ಪಾದ್ರಿ. ಶಿಲೀಂಧ್ರಗಳ ಅಧ್ಯಯನದಲ್ಲಿ ಆ ಕಾಲದ ದೊಡ್ಡ ಹೆಸರು. ಐರ್ಲೆಂಡಿನಲ್ಲಿ ಘೋರ ಕ್ಷಾಮಕ್ಕೆ ಕಾರಣವಾದ ಆಲೂಗಡ್ಡೆಯ ಅಂಗಮಾರಿ ರೋಗವನ್ನು ತರುವುದು ಶಿಲೀಂಧ್ರವೇ ಎಂದು 1846ರಲ್ಲಿ ವಾದಿಸಿದವರು ಅವರು. ಕೊಳೆಯುವ ಗಿಡದ ಮೇಲೆ ಬೂಜು ತಾನಾಗಿ ಹುಟ್ಟುತ್ತದೆ, ಬೂಜಿನಿಂದ ಗಿಡ ಕೊಳೆಯುವುದಿಲ್ಲ ಎಂದು ಬಹಳ ಮಂದಿ ನಂಬಿದ್ದ ಕಾಲ ಅದು.

1855ರಲ್ಲಿ ಬರ್ಕ್ಲಿ ರೋಗ ಹಿಡಿದ ಸೌತೆ ಗಿಡಗಳ ಬೇರುಗಳನ್ನು ಪರೀಕ್ಷಿಸಿದರು. ಬೇರಿನ ತುಂಬ ಗಂಟುಗಳಿದ್ದವು. ಗಂಟನ್ನು ಸೀಳಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟಾಗ ಅದರೊಳಗೆ ಮೊಟ್ಟೆಗಳೂ ಎಳೆಯಂಥ ಹುಳುಗಳೂ ಕಂಡವು. ತಾವು ಕಂಡದ್ದನ್ನು ತೋಟಗಾರರು ಓದುವ 'ಗಾರ್ಡನರ್ಸ್ ಕ್ರಾನಿಕಲ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಬೇರುಗಂಟು ಜಂತುಹುಳುವಿನ ಮೊದಲ ವರದಿ ಎಂದು ಇದನ್ನೇ ಪರಿಗಣಿಸುತ್ತಾರೆ. ಇಂದು ಈ ಹುಳುಗಳ ಕುಲದ ಹೆಸರು ಮೆಲಾಯ್ಡೊಗೈನ್. ಟೊಮೆಟೊ, ಬದನೆ, ಬೆಂಡೆ, ಸೌತೆ ಯಾವುದನ್ನೂ ಇವು ಬಿಡುವುದಿಲ್ಲ.

ಬರ್ಕ್ಲಿ ಕಲಿಸಿದ ಪಾಠ ಸರಳವಾದದ್ದು: ಎಲೆ ಬಾಡಿದರೆ ಬೇರನ್ನು ನೋಡು. ಗಂಟುಕಟ್ಟಿದ ಬೇರು ಸಾಕಷ್ಟು ನೀರು ಹೀರಲಾರದು. ಗಿಡ ಮಧ್ಯಾಹ್ನ ಬಾಡಿ ಸಂಜೆ ಚೇತರಿಸಿಕೊಳ್ಳುತ್ತದೆ, ದಿನೇ ದಿನೇ ಸೊರಗುತ್ತದೆ. ಎಲೆಯ ಮೇಲೆ ಎಷ್ಟು ಔಷಧಿ ಹೊಡೆದರೂ ಬೇರಿನೊಳಗಿನ ಹುಳುವಿಗೆ ಅದರಿಂದ ತೊಂದರೆಯಿಲ್ಲ.

ಕ್ಯೂಬಾದಿಂದ ಬಂದ ಎಲೆ

ಇದೇ ಬರ್ಕ್ಲಿಯವರ ಹೆಸರು ಸೌತೆಯ ಇನ್ನೊಂದು ರೋಗದ ಚರಿತ್ರೆಯಲ್ಲೂ ಬರುತ್ತದೆ. 1868ರಲ್ಲಿ ಅವರು ಮತ್ತು ಅಮೆರಿಕದ ಮೋಸೆಸ್ ಆ್ಯಶ್ಲಿ ಕರ್ಟಿಸ್ ಕ್ಯೂಬಾ ದ್ವೀಪದಿಂದ ಬಂದ ಮಾದರಿಯ ಮೇಲಿದ್ದ ಒಂದು ಬೂಜನ್ನು ವರ್ಣಿಸಿ, ಅದಕ್ಕೆ ಪೆರೊನೊಸ್ಪೊರ ಕ್ಯೂಬೆನ್ಸಿಸ್ ಎಂದು ಹೆಸರಿಟ್ಟರು. ಕರ್ಟಿಸ್ ಕೂಡ ಪಾದ್ರಿಯೇ. ಆ ಬಳಿಕ ಇಪ್ಪತ್ತು ವರ್ಷ ಅದರ ಬಗ್ಗೆ ಯಾರೂ ತಲೆಕೆಡಿಸಿಕೊಳ್ಳಲಿಲ್ಲ. 1888ರಲ್ಲಿ ಜಪಾನಿನಲ್ಲಿ, 1889ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಅದು ಕಾಣಿಸಿಕೊಂಡಿತು. ಮುಂದೆ ಪ್ರಪಂಚದ ಸೌತೆ ಬೆಳೆಗಾರರಿಗೆಲ್ಲ ಅದು ಪರಿಚಿತ ಶತ್ರುವಾಯಿತು. ಇದೇ ಬೂಜುತುಪ್ಪಟ ರೋಗ. 1903ರಲ್ಲಿ ರಷ್ಯದ ಸಸ್ಯವಿಜ್ಞಾನಿ ರೊಸ್ಟೊವ್‌ಟ್ಸೆವ್ ಇದನ್ನು ಸೂಡೊಪೆರೊನೊಸ್ಪೊರ ಎಂಬ ಬೇರೆ ಕುಲಕ್ಕೆ ಸೇರಿಸಿದರು.

ನೋಡಲು ಬೂಜಿನಂತಿದ್ದರೂ ಇದು ನಿಜವಾದ ಶಿಲೀಂಧ್ರವಲ್ಲ. ನಮ್ಮ ಮಲೆನಾಡಿನ ಅಡಿಕೆ ಬೆಳೆಗಾರರನ್ನು ಕಾಡುವ ಕೊಳೆರೋಗದ ಜೀವಿ ಯಾವ ಗುಂಪಿಗೆ ಸೇರಿದೆಯೋ ಅದೇ ಗುಂಪಿಗೆ ಇದೂ ಸೇರಿದೆ. ಎರಡಕ್ಕೂ ಮಳೆ, ಮಂಜು, ತೇವ ಬೇಕು. ಗಾಳಿಯಲ್ಲಿ ಹಾರಿಬಂದ ಬೀಜಾಣು ಚೀಲಗಳು ಒದ್ದೆ ಎಲೆಯ ಮೇಲೆ ಒಡೆದು, ಅದರೊಳಗಿನ ಈಜುವ ಬೀಜಾಣುಗಳು ನೀರಿನ ತೆಳುಪದರದಲ್ಲಿ ಚಲಿಸಿ ಪತ್ರರಂಧ್ರಗಳ ಮೂಲಕ ಒಳಹೋಗುತ್ತವೆ.

ಎಲೆಯ ಮೇಲ್ಭಾಗದಲ್ಲಿ ಕಾಣುವುದು ಹಳದಿ ಚುಕ್ಕೆ. ನರಗಳ ನಡುವೆ ಸಿಕ್ಕಿಕೊಂಡಿರುವುದರಿಂದ ಆ ಚುಕ್ಕೆಗೆ ಮೂಲೆಗಳಿರುತ್ತವೆ. ಎಲೆಯನ್ನು ಮಗುಚಿದರೆ ಅದೇ ಜಾಗದಲ್ಲಿ ಬೂದು ಇಲ್ಲವೆ ನೇರಳೆ ಛಾಯೆಯ ತುಪ್ಪಟ. ಬಿಸಿಲೇರಿದ ಮೇಲೆ ಇದು ಸರಿಯಾಗಿ ಕಾಣದು; ಬೆಳಗ್ಗೆಯೇ ನೋಡಬೇಕು.

ಬೂದಿ ರೋಗ ಇದಕ್ಕಿಂತ ಬೇರೆ. ಅದರಲ್ಲಿ ಎಲೆಯ ಮೇಲ್ಗಡೆಯೇ ಹಿಟ್ಟು ಚೆಲ್ಲಿದಂತೆ ಬಿಳಿ ಪುಡಿ ಕಾಣುತ್ತದೆ. ಅದು ನಿಜವಾದ ಶಿಲೀಂಧ್ರ, ಒಣಹವೆಯಲ್ಲೂ ಬೆಳೆಯಬಲ್ಲದು. ಒಂದಕ್ಕೆ ನಾಟುವ ಔಷಧಿ ಹಲವು ಬಾರಿ ಇನ್ನೊಂದಕ್ಕೆ ನಾಟುವುದಿಲ್ಲ.

ಕಾಂಡದೊಳಗಿನ ಅಂಟು

ಇನ್ನು ಜಗಳದ ಕಥೆ. ರಾಬರ್ಟ್ ಕಾಕ್ ಮತ್ತು ಲೂಯಿ ಪ್ಯಾಶ್ಚರ್ ಅವರ ಕೆಲಸದಿಂದಾಗಿ 1880ರ ದಶಕದ ವೇಳೆಗೆ ಮನುಷ್ಯರಲ್ಲೂ ಪ್ರಾಣಿಗಳಲ್ಲೂ ಬ್ಯಾಕ್ಟೀರಿಯಗಳು ರೋಗ ತರುತ್ತವೆ ಎಂಬುದು ಸ್ಥಾಪಿತವಾಗಿತ್ತು. ಗಿಡಗಳಲ್ಲಿ? ಅಮೆರಿಕದ ಥಾಮಸ್ ಬರಿಲ್ ಪೇರು ಮತ್ತು ಸೇಬಿನ ಮರಗಳ ಒಂದು ರೋಗಕ್ಕೆ ಬ್ಯಾಕ್ಟೀರಿಯ ಕಾರಣವೆಂದು ಹೇಳಿದ್ದರು. ಆದರೆ ಯೂರೋಪಿನ, ಅದರಲ್ಲೂ ಜರ್ಮನಿಯ ಹಿರಿಯ ಸಸ್ಯವಿಜ್ಞಾನಿಗಳು ಇದನ್ನು ಒಪ್ಪಲು ಸಿದ್ಧರಿರಲಿಲ್ಲ.

ಎರ್ವಿನ್ ಸ್ಮಿತ್ 1886ರಲ್ಲಿ ಅಮೆರಿಕದ ಕೃಷಿ ಇಲಾಖೆಗೆ ಸೇರಿದವರು. 1890ರ ದಶಕದ ಆರಂಭದಲ್ಲಿ ಅವರ ಗಮನ ಸೌತೆ, ಕರಬೂಜಗಳ ಸೊರಗು ರೋಗದ ಕಡೆ ಹರಿಯಿತು. ಚೆನ್ನಾಗಿದ್ದ ಬಳ್ಳಿಯಲ್ಲಿ ಒಂದು ಎಲೆ ಜೋಲುತ್ತದೆ, ಬಳಿಕ ಅಕ್ಕಪಕ್ಕದವು, ಕೊನೆಗೆ ಇಡೀ ಬಳ್ಳಿ. ಬೇರಿನಲ್ಲಿ ಗಂಟಿಲ್ಲ, ಎಲೆಯಲ್ಲಿ ಬೂಜಿಲ್ಲ. ಆದರೆ ಕಾಂಡವನ್ನು ಅಡ್ಡ ಕತ್ತರಿಸಿದಾಗ ನೀರ್ನಾಳಗಳಿಂದ ಬಿಳಿಯ ಅಂಟುದ್ರವ ಒಸರಿತು. ಅದನ್ನು ಬೆರಳಿನಿಂದ ಮುಟ್ಟಿ ಎಳೆದರೆ ಜೇಡನ ಎಳೆಯಂತೆ ದಾರ ಬರುತ್ತಿತ್ತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ಬ್ಯಾಕ್ಟೀರಿಯಗಳ ರಾಶಿ.

ರಾಶಿ ಕಂಡರೆ ಸಾಲದು, ಅದೇ ಕಾರಣವೆಂದು ತೋರಿಸಬೇಕು. ಸ್ಮಿತ್ ಕಾಕ್ ಅವರ ಕ್ರಮವನ್ನೇ ಅನುಸರಿಸಿದರು. ರೋಗಿ ಗಿಡದಿಂದ ಬ್ಯಾಕ್ಟೀರಿಯವನ್ನು ಬೇರ್ಪಡಿಸಿ ಶುದ್ಧವಾಗಿ ಬೆಳೆಸಿದರು. ಆರೋಗ್ಯವಂತ ಬಳ್ಳಿಯ ಎಲೆಗೆ ಸೂಜಿಯಿಂದ ಚುಚ್ಚಿದರು. ಚುಚ್ಚಿದ ಎಲೆ ಮೊದಲು ಬಾಡಿತು. ರೋಗ ತೊಟ್ಟಿನ ಮೂಲಕ ಕಾಂಡಕ್ಕಿಳಿದು ಉಳಿದ ಎಲೆಗಳಿಗೆ ಹಬ್ಬಿತು. ಆ ಬಳ್ಳಿಯ ನಾಳಗಳಲ್ಲಿ ಮತ್ತೆ ಅದೇ ಬ್ಯಾಕ್ಟೀರಿಯ ಸಿಕ್ಕಿತು. 1895ರಲ್ಲಿ ಅದಕ್ಕೆ ಬ್ಯಾಸಿಲಸ್ ಟ್ರೇಕಿಫಿಲಸ್ ಎಂಬ ಹೆಸರು ಕೊಟ್ಟು ಜರ್ಮನಿಯ ಬ್ಯಾಕ್ಟೀರಿಯ ವಿಜ್ಞಾನದ ಪತ್ರಿಕೆಯಲ್ಲೇ ಪ್ರಬಂಧ ಪ್ರಕಟಿಸಿದರು. ಬಾಡಲು ಕಾರಣವೂ ಸ್ಪಷ್ಟವಾಯಿತು: ನೀರು ಹರಿಯುವ ನಾಳಗಳೇ ಕಟ್ಟಿಕೊಂಡಿದ್ದವು.

ಎರಡು ವರ್ಷಗಳ ಬಳಿಕ, 1897ರಲ್ಲಿ, ಲೈಪ್‌ಜಿಗ್‌ನ ಸಸ್ಯವಿಜ್ಞಾನಿ ಆಲ್ಫ್ರೆಡ್ ಫಿಶರ್ ಬ್ಯಾಕ್ಟೀರಿಯಗಳ ಬಗ್ಗೆ ತಮ್ಮ ಉಪನ್ಯಾಸಗಳ ಪುಸ್ತಕ ಹೊರತಂದರು. ಬ್ಯಾಕ್ಟೀರಿಯದಿಂದ ಬರುವ ಸಸ್ಯರೋಗವೆಂಬುದೇ ಇಲ್ಲ ಎಂದು ಅದರಲ್ಲಿ ವಾದಿಸಿದರು. ಸಸ್ಯಕೋಶಕ್ಕೆ ಗಟ್ಟಿ ಗೋಡೆಯಿದೆ. ಗಾಯವಿಲ್ಲದ ಗಿಡದೊಳಕ್ಕೆ ಬ್ಯಾಕ್ಟೀರಿಯ ಹೋಗಲಾರದು. ಸತ್ತ ಭಾಗದಲ್ಲಿ ಬಂದು ಸೇರಿಕೊಂಡವನ್ನು ನೋಡಿ ಕೆಲವರು ಮೋಸಹೋಗಿದ್ದಾರೆ ಎಂಬುದು ಅವರ ನಿಲುವು.

ಈ ವಾದವನ್ನು ತೀರ ಹಗುರವಾಗಿ ಕಾಣಬಾರದು. ಕೊಳೆತ ಗಿಡದಲ್ಲಿ ನೂರಾರು ಬಗೆಯ ಸೂಕ್ಷ್ಮಜೀವಿಗಳಿರುವುದು ನಿಜ. ಸಿಕ್ಕಿದ್ದನ್ನೆಲ್ಲ ಅಪರಾಧಿ ಎನ್ನುವಂತಿಲ್ಲ. ಆದರೆ ಫಿಶರ್ ಸ್ಮಿತ್ ಅವರ ಪ್ರಯೋಗಗಳನ್ನು ಪುನರಾವರ್ತಿಸದೆ ತೀರ್ಪು ಕೊಟ್ಟಿದ್ದರು. 1899ರಿಂದ 1901ರವರೆಗೆ ಅದೇ ಜರ್ಮನ್ ಪತ್ರಿಕೆಯಲ್ಲಿ ಇಬ್ಬರ ನಡುವೆ ಬಿಸಿಬಿಸಿ ವಾಗ್ವಾದ ನಡೆಯಿತು. ಸ್ಮಿತ್ ಮಾತಿಗೆ ಮಾತು ಬೆಳೆಸಿದ್ದಷ್ಟೇ ಅಲ್ಲ. ರೋಗಪೀಡಿತ ಕಾಂಡಗಳ ಸೀಳುನೋಟದ ಚಿತ್ರಗಳನ್ನು ಮುಂದಿಟ್ಟರು. ನಾಳದೊಳಗೆ ಬ್ಯಾಕ್ಟೀರಿಯ ತುಂಬಿರುವುದು ಕಣ್ಣಿಗೆ ಕಾಣುವಾಗ ವಾದಕ್ಕೆ ಎಡೆಯಿರಲಿಲ್ಲ. ಫಿಶರ್ ಅವರ ಆಕ್ಷೇಪ ಕ್ರಮೇಣ ತೆರೆಮರೆಗೆ ಸರಿಯಿತು. ಸೌತೆಯನ್ನು ಸೊರಗಿಸುವ ಆ ಜೀವಿಯ ಇಂದಿನ ಹೆಸರು ಎರ್ವಿನಿಯ ಟ್ರೇಕಿಫಿಲ. ಕುಲದ ಹೆಸರು ಎರ್ವಿನ್ ಸ್ಮಿತ್ ಅವರ ಗೌರವಾರ್ಥ.

ಒಳಗೆ ಹೋದದ್ದು ಹೇಗೆ?

ಫಿಶರ್ ಎತ್ತಿದ ಒಂದು ಪ್ರಶ್ನೆಗೆ ಮಾತ್ರ ಉತ್ತರ ಬಾಕಿ ಇತ್ತು. ಹೊಲದಲ್ಲಿ ಸೂಜಿ ಹಿಡಿದು ಚುಚ್ಚುವವರು ಯಾರು? ಸೌತೆ ಎಲೆ ತಿನ್ನುವ ಪಟ್ಟೆದುಂಬಿಯ ಮೇಲೆ ಸ್ಮಿತ್ ಅವರಿಗೆ ಸಂಶಯವಿತ್ತು. ಇದನ್ನು ಪರೀಕ್ಷೆಗೆ ಒಡ್ಡಿದವರು ಅದೇ ಇಲಾಖೆಯ ಫ್ರೆಡರಿಕ್ ರ್‍ಯಾಂಡ್ ಮತ್ತು ಎಲ್ಲಾ ಎನ್ಲೋಸ್. ಬಲೆಯ ಗೂಡಿನಲ್ಲಿ ದುಂಬಿ ತಾಗದಂತೆ ಬೆಳೆಸಿದ ಬಳ್ಳಿಗಳು ಆರೋಗ್ಯವಾಗಿದ್ದವು. ಚಳಿಗಾಲ ಕಳೆದು ಹೊರಬಂದ ದುಂಬಿಗಳಲ್ಲಿ ಕೆಲವು ರೋಗಾಣುವನ್ನು ತಮ್ಮ ಹೊಟ್ಟೆಯಲ್ಲೇ ಹೊತ್ತು ತರುತ್ತಿದ್ದವು. ಮಣ್ಣಿನಿಂದಲೋ ಬೀಜದಿಂದಲೋ ರೋಗ ಬರುವುದು ಅವರ ಪ್ರಯೋಗಗಳಲ್ಲಿ ಕಂಡುಬರಲಿಲ್ಲ. 1920ರಲ್ಲಿ ಅವರ ವಿಸ್ತೃತ ವರದಿ ಪ್ರಕಟವಾಯಿತು. ಬ್ಯಾಕ್ಟೀರಿಯ ರೋಗವನ್ನು ತಡೆಯಬೇಕಾದರೆ ಎಳೆಯ ಸಸಿಯನ್ನು ದುಂಬಿಯಿಂದ ಕಾಪಾಡಬೇಕು ಎಂಬುದು ಇದರ ಸಾರ.

ಇಲ್ಲಿ ಓದುಗರಿಗೆ ಒಂದು ಎಚ್ಚರಿಕೆ. ಕತ್ತರಿಸಿದ ಕಾಂಡದ ಎರಡು ತುದಿಗಳನ್ನು ಒತ್ತಿ ಹಿಡಿದು ಮೆಲ್ಲಗೆ ಎಳೆದು ಅಂಟಿನ ದಾರ ಬರುತ್ತದೆಯೇ ಎಂದು ನೋಡುವ ಪರೀಕ್ಷೆ ವಿದೇಶಿ ತೋಟಗಾರಿಕೆ ಪುಸ್ತಕಗಳಲ್ಲೆಲ್ಲ ಇದೆ. ಅದು ಮುಖ್ಯವಾಗಿ ಉತ್ತರ ಅಮೆರಿಕದ ರೋಗದ ಪರೀಕ್ಷೆ. ರೋಗ ಹೊರುವ ಆ ಪಟ್ಟೆದುಂಬಿ ನಮ್ಮಲ್ಲಿಲ್ಲ. ನಮ್ಮಲ್ಲಿ ಎಲೆ ತೂತು ಮಾಡುವುದು ಕೆಂಪು ಕುಂಬಳ ದುಂಬಿ. ಹಾಗಾಗಿ ನಮ್ಮ ಬಳ್ಳಿ ಸೊರಗಿದಾಗ ಕಾಂಡ ಸೀಳಿ ಬೇರೊಂದನ್ನು ಹುಡುಕಬೇಕು: ನಾಳಗಳು ಕಂದುಬಣ್ಣಕ್ಕೆ ತಿರುಗಿವೆಯೇ? ತಿರುಗಿದ್ದರೆ ಮಣ್ಣಿನಿಂದ ಬರುವ ಫ್ಯುಸೇರಿಯಂ ಎಂಬ ಶಿಲೀಂಧ್ರದ ಮೇಲೆ ಮೊದಲ ಸಂಶಯ. ರೋಗ ಪತ್ತೆಯ ವಿಧಾನವನ್ನು ಎರವಲು ಪಡೆಯಬಹುದು. ತೀರ್ಪನ್ನು ಎರವಲು ಪಡೆಯಲಾಗದು.

ಎಲೆಯ ಕಣ್ಣೀರು

ಸ್ಮಿತ್ ಅವರ ಪ್ರಯೋಗಾಲಯದ ಇನ್ನೊಂದು ವಿಶೇಷವೆಂದರೆ ಅಲ್ಲಿ ಅನೇಕ ಮಹಿಳಾ ವಿಜ್ಞಾನಿಗಳು ಕೆಲಸ ಮಾಡುತ್ತಿದ್ದರು. ಅವರಲ್ಲಿ ಒಬ್ಬರಾದ ಮೇರಿ ಕ್ಯಾಥರೀನ್ ಬ್ರಯಾನ್ ಮತ್ತು ಸ್ಮಿತ್ 1915ರಲ್ಲಿ ಸೌತೆಯ ಮೂಲೆಚುಕ್ಕೆ ರೋಗದ ಕಾರಣವನ್ನು ಪ್ರಕಟಿಸಿದರು. ಈ ರೋಗದಲ್ಲೂ ಚುಕ್ಕೆಗಳು ನರಗಳ ನಡುವೆ ಸಿಕ್ಕಿ ಮೂಲೆಮೂಲೆಯಾಗಿರುತ್ತವೆ. ಮೇಲಿನಿಂದ ನೋಡಿದರೆ ಬೂಜುತುಪ್ಪಟವೋ ಇದೋ ಹೇಳುವುದು ಕಷ್ಟ.

ಎಲೆಯ ಕೆಳಗಡೆ ವ್ಯತ್ಯಾಸ ಕಾಣುತ್ತದೆ. ಇಲ್ಲಿ ತುಪ್ಪಟವಿರುವುದಿಲ್ಲ. ಬೆಳಗಿನ ತೇವದಲ್ಲಿ ಚುಕ್ಕೆಯಿಂದ ಹನಿಗಳು ಒಸರಿ, ಬಿಸಿಲಿಗೆ ಒಣಗಿ ಬಿಳಿಯ ಪೊರೆಯಾಗುತ್ತವೆ. ಕಣ್ಣೀರಿನಂತೆ ಕಾಣುವ ಈ ಹನಿಗಳಿಂದಾಗಿಯೇ ಬ್ಯಾಕ್ಟೀರಿಯಕ್ಕೆ ಲ್ಯಾಕ್ರಿಮನ್ಸ್ ಎಂಬ ಹೆಸರು ಬಂತು. ಲ್ಯಾಟಿನ್ನಿನಲ್ಲಿ ಕಣ್ಣೀರು ಸುರಿಸುವುದು ಎಂದರ್ಥ. ಮುಂದೆ ಚುಕ್ಕೆಯ ಭಾಗ ಒಣಗಿ ಉದುರಿ ಎಲೆಯಲ್ಲಿ ತೂತು ಬೀಳುತ್ತದೆ. ಅದನ್ನು ಕಂಡು ಹುಳು ತಿಂದಿದೆಯೆಂದು ಕೀಟನಾಶಕ ಹೊಡೆಯುವವರೂ ಉಂಟು. ಆದರೆ ಇದು ಬೀಜದಲ್ಲಿ ಬರುವ, ಚಿಮ್ಮುವ ನೀರಿನಲ್ಲಿ ಹರಡುವ ರೋಗ. ಸಿಂಪರಣೆಯ ನೀರೇ ಅದನ್ನು ಒಂದೆಲೆಯಿಂದ ಇನ್ನೊಂದಕ್ಕೆ ಒಯ್ಯಬಹುದು.

ಕಾಣದ ಕಾರಣ

ಮರುವರ್ಷವೇ, 1916ರಲ್ಲಿ, ಇನ್ನೊಂದು ಒಗಟಿಗೆ ಉತ್ತರ ಸಿಕ್ಕಿತು. ಅಮೆರಿಕದ ಉಪ್ಪಿನಕಾಯಿ ಸೌತೆಯ ತೋಟಗಳಲ್ಲಿ ಎಲೆಗಳು ಹಸಿರು ಹಳದಿ ಮಚ್ಚೆಗಳಿಂದ ಸುಕ್ಕಾಗಿ, ಕಾಯಿಗಳು ಬಿಳಿಚಿಕೊಂಡು ಗಂಟುಗಂಟಾಗುತ್ತಿದ್ದವು. ಬೆಳೆಗಾರರು ಇದನ್ನು 'ಬಿಳಿ ಪಿಕಲ್' ಎನ್ನುತ್ತಿದ್ದರು. ಬೂಜಿಲ್ಲ, ಬ್ಯಾಕ್ಟೀರಿಯವಿಲ್ಲ, ಹುಳುವಿಲ್ಲ. ಡೂಲಿಟಲ್ ಮತ್ತು ಜ್ಯಾಗರ್ ಎಂಬ ಇಬ್ಬರು ಪ್ರತ್ಯೇಕವಾಗಿ ಒಂದೇ ತೀರ್ಮಾನಕ್ಕೆ ಬಂದರು: ರೋಗಿ ಗಿಡದ ರಸವನ್ನು ಆರೋಗ್ಯವಂತ ಗಿಡಕ್ಕೆ ಹಚ್ಚಿದರೆ ರೋಗ ಬರುತ್ತದೆ. ಸಸ್ಯಹೇನುಗಳು ಇದನ್ನು ಹರಡುತ್ತವೆ ಎಂಬುದನ್ನೂ ಡೂಲಿಟಲ್ ತೋರಿಸಿದರು. ರೋಗ ಚಳಿಗಾಲವನ್ನು ಕಳೆಯುವುದು ಬದುವಿನ ಕಳೆಗಿಡಗಳಲ್ಲಿ ಎಂಬುದು 1920ರ ದಶಕದಲ್ಲಿ ತಿಳಿಯಿತು.

ಇದೇ ಸೌತೆಯ ಮೊಸಾಯಿಕ್ ವೈರಸ್. ಹೆಸರು ಸೌತೆಯದಾದರೂ ಬಾಳೆ, ಮೆಣಸಿನಕಾಯಿ, ಟೊಮೆಟೊ ಸೇರಿ ಸಾವಿರಕ್ಕೂ ಹೆಚ್ಚು ಜಾತಿಯ ಗಿಡಗಳಿಗೆ ಇದು ತಗಲುತ್ತದೆ. ಹೇನು ಒಮ್ಮೆ ಚುಚ್ಚಿ ರುಚಿ ನೋಡುವ ಕ್ಷಣದಲ್ಲೇ ವೈರಸ್ ಒಳಸೇರುತ್ತದೆ. ಕೀಟನಾಶಕದಿಂದ ಹೇನು ಸಾಯುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಹೀಗಾಗಿ ರೋಗ ಹತ್ತಿದ ಗಿಡವನ್ನು ಮೊದಲೇ ಕಿತ್ತು ಹಾಕುವುದು, ಸುತ್ತಲ ಕಳೆ ತೆಗೆಯುವುದು, ನಿರೋಧಕ ತಳಿ ಬೆಳೆಸುವುದು, ಇವೇ ದಾರಿ. ಗುಣಪಡಿಸುವ ಔಷಧಿ ಇಂದಿಗೂ ಇಲ್ಲ.

ಭಾರತದಿಂದ ಹೋದ ಬೀಜ

ಸೌತೆಯ ತವರು ಭಾರತ. ಅದರ ಕಹಿಯಾದ ಕಾಡುರೂಪ ಹಿಮಾಲಯದ ತಪ್ಪಲಿನಲ್ಲಿ ಇಂದಿಗೂ ಬೆಳೆಯುತ್ತದೆ. ಬೆಳೆಯ ತವರಿನಲ್ಲಿ ಅದರ ರೋಗಗಳನ್ನು ತಡೆದುಕೊಂಡು ಬಂದ ತಳಿಗಳಿರುವ ಸಾಧ್ಯತೆ ಹೆಚ್ಚು. 1954ರಲ್ಲಿ ಅಮೆರಿಕದ ಸೌತ್ ಕೆರೊಲಿನದ ಬಾರ್ನ್ಸ್ ಮತ್ತು ಎಪ್ಸ್ ಎಂಬ ವಿಜ್ಞಾನಿಗಳು ಇದಕ್ಕೆ ಪುರಾವೆ ಒದಗಿಸಿದರು. ಭಾರತದಿಂದ ತರಿಸಿ 197087 ಎಂಬ ಸಂಖ್ಯೆ ಕೊಟ್ಟಿದ್ದ ಸೌತೆಯಲ್ಲಿ ಬೂಜುತುಪ್ಪಟ ರೋಗಕ್ಕೆ ಹಿಂದೆ ಕಾಣದ ಬಗೆಯ ನಿರೋಧ ಶಕ್ತಿಯಿತ್ತು. ಆ ಗುಣವನ್ನು ಅಡ್ಡತಳಿ ವಿಧಾನದಿಂದ ವಾಣಿಜ್ಯ ತಳಿಗಳಿಗೆ ತರಲಾಯಿತು. ಅವುಗಳಲ್ಲೊಂದಾದ ಪಾಯಿನ್‌ಸೆಟ್ ಮುಂದೆ ಭಾರತಕ್ಕೂ ಬಂತು. ಹೊರಟ ಗುಣ ಹೊಸ ಹೆಸರಿನಲ್ಲಿ ತವರಿಗೆ ಮರಳಿದಂತಾಯಿತು.

ಸುಮಾರು ನಾಲ್ಕು ದಶಕ ಈ ರಕ್ಷಣೆ ಅಮೆರಿಕದಲ್ಲಿ ಚೆನ್ನಾಗಿ ನಡೆಯಿತು. ಬೂಜುತುಪ್ಪಟ ಅಲ್ಲಿ ಸೌತೆಯ ಮಟ್ಟಿಗೆ ಸಣ್ಣ ರೋಗವಾಗಿಹೋಯಿತು. 2004ರಲ್ಲಿ ಎಣಿಕೆ ತಲೆಕೆಳಗಾಯಿತು. ಪೂರ್ವ ಅಮೆರಿಕದ ತೋಟಗಳಲ್ಲಿ ನಿರೋಧಕವೆಂದು ನಂಬಿದ್ದ ತಳಿಗಳೇ ದಿನಗಳಲ್ಲಿ ಸುಟ್ಟಂತಾದವು. ರೋಗಾಣು ಬದಲಾಗಿತ್ತು. ಬಳಿಕ ನಾರ್ತ್ ಕೆರೊಲಿನದ ಸಂಶೋಧಕರು ಸಾವಿರಕ್ಕೂ ಹೆಚ್ಚು ತಳಿಗಳನ್ನು ಹೊಲದಲ್ಲಿ ಪರೀಕ್ಷಿಸಿದರು. 2012ರಲ್ಲಿ ಪ್ರಕಟವಾದ ಅವರ ಫಲಿತಾಂಶದಲ್ಲಿ ಮುಂಚೂಣಿಯಲ್ಲಿದ್ದ ತಳಿಗಳಲ್ಲಿ 197088 ಸಂಖ್ಯೆಯದು ಒಂದು. ಅದೂ ಭಾರತದ್ದೇ.

ರೋಗ ಪತ್ತೆ ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲ ಎಂಬುದನ್ನು 2004 ನೆನಪಿಸಿತು. ಹಳ್ಳಿಯ ಹಿತ್ತಿಲುಗಳಲ್ಲಿ ಉಳಿದಿರುವ ನಾಟಿ ಸೌತೆಗಳ ಬೀಜವನ್ನು ಏಕೆ ಕಾಪಾಡಬೇಕು ಎಂಬುದನ್ನೂ ತೋರಿಸಿತು.

ನಮ್ಮ ಹಿತ್ತಿಲಿನಲ್ಲಿ

1990ರ ದಶಕದಿಂದ ಕರ್ನಾಟಕದ ಅನೇಕ ರೈತರು ರಫ್ತಿಗಾಗಿ ಮಿಡಿ ಸೌತೆ ಬೆಳೆಯುತ್ತಿದ್ದಾರೆ. ಅವರಿಗಾಗಲಿ, ಎರಡು ಬಳ್ಳಿ ಬೆಳೆಸುವ ಮನೆಯವರಿಗಾಗಲಿ ರೋಗ ಪತ್ತೆಯ ಕ್ರಮ ಒಂದೇ. ಮೇಲಿನ ಚರಿತ್ರೆಯನ್ನು ಕೈಪಿಡಿಯಂತೆ ಬಳಸಿಕೊಳ್ಳಬಹುದು.

ಬಳ್ಳಿ ಬಾಡಿದರೆ ಮೊದಲು ಮಣ್ಣಿನ ತೇವ ನೋಡಿ. ಸಂಜೆಗೆ ಚೇತರಿಸಿಕೊಂಡರೆ ಬಿಸಿಲು ಕಾರಣವಿರಬಹುದು; ದಿನವೂ ಹೀಗಾದರೆ ಒಂದು ಗಿಡವನ್ನು ಬೇರುಸಹಿತ ಕಿತ್ತು ಗಂಟು ಹುಡುಕಿ. ಬೇರು ಚೆನ್ನಾಗಿದ್ದರೆ ಕಾಂಡ ಸೀಳಿ ಬಣ್ಣ ನೋಡಿ. ಎಲೆಯಲ್ಲಿ ಚುಕ್ಕೆಯಿದ್ದರೆ ಬೆಳಗ್ಗೆ ಎಲೆ ಮಗುಚಿ ಕೈಮಸೂರದಿಂದ ಪರೀಕ್ಷಿಸಿ. ಸಂಶಯವಿದ್ದರೆ ಎಲೆಯನ್ನು ಒದ್ದೆ ಕಾಗದದೊಂದಿಗೆ ಪ್ಲಾಸ್ಟಿಕ್ ಚೀಲದಲ್ಲಿ ಒಂದು ರಾತ್ರಿ ಇಡಿ. ಬೂಜುತುಪ್ಪಟವಾದರೆ ಬೆಳಗಾಗುವಷ್ಟರಲ್ಲಿ ತುಪ್ಪಟ ಎದ್ದು ಕಾಣುವ ಸಂಭವ ಹೆಚ್ಚು. ಚಿಗುರು ಸುಕ್ಕಾಗಿ ಮಚ್ಚೆಯಿದ್ದರೆ ವೈರಸ್ ಎಂದು ಸಂಶಯಿಸಿ, ಎಲೆಯಡಿ ಹೇನು ಮತ್ತು ಬಿಳಿನೊಣ ಇವೆಯೇ ನೋಡಿ.

ಕಾಯಿ ಸೊಟ್ಟಗಾಗಿದ್ದರೆ ಅದರ ಮೇಲೆ ಚುಚ್ಚಿದ ಗುರುತು, ಒಸರಿದ ಅಂಟು ಹುಡುಕಿ. ಇದ್ದರೆ ಹಣ್ಣುನೊಣದ ಕೆಲಸ. ಕಾಯಿ ಕೊಯ್ದರೆ ಒಳಗೆ ಬಿಳಿ ಮರಿಹುಳು ಸಿಗುತ್ತದೆ. ಅಂಥ ಕಾಯಿಗಳನ್ನು ಆಯ್ದು ನಾಶಪಡಿಸುವುದೂ, ಗಂಡು ನೊಣಗಳನ್ನು ಸೆಳೆಯುವ ಕ್ಯೂ-ಲ್ಯೂರ್ ಬಲೆ ತೂಗುಹಾಕುವುದೂ ಸಿಂಪರಣೆಗಿಂತ ಮೇಲು. ಗುರುತೇ ಇಲ್ಲದೆ ತುದಿ ಸಣ್ಣಗಾಗಿ ಬಾಗಿದ್ದರೆ ಪರಾಗಸ್ಪರ್ಶ ಸಾಲದಿರುವುದೂ ಕಾರಣವಿರಬಹುದು. ಆಗ ಬೇಕಾದದ್ದು ಕೀಟನಾಶಕವಲ್ಲ, ಜೇನುನೊಣ. ಕೀಟನಾಶಕ ಹೊಡೆದರೆ ಇದ್ದ ಜೇನೂ ಹೋಗುತ್ತದೆ.

ಇಷ್ಟು ನೋಡಿದ ಮೇಲೂ ತಿಳಿಯದಿದ್ದರೆ ಒಣಗಿದ ಎಲೆಯೊಂದನ್ನಲ್ಲ, ಬೇರು, ಕಾಂಡ, ಎಲೆ ಸಹಿತ ಆಗಷ್ಟೇ ರೋಗ ಹತ್ತಿದ ಇಡೀ ಗಿಡವನ್ನು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೋ ತೋಟಗಾರಿಕೆ ಇಲಾಖೆಗೋ ಒಯ್ದು ತೋರಿಸಿ. ಫಿಶರ್ ಹೇಳಿದ್ದರಲ್ಲಿ ಒಂದು ಮಾತು ಇಂದಿಗೂ ಸರಿ: ಸತ್ತ ಗಿಡದಲ್ಲಿ ಸಿಗುವವರೆಲ್ಲ ಕೊಂದವರಲ್ಲ. ಬದುಕಿರುವಾಗಲೇ ಗಿಡವನ್ನು ನೋಡಬೇಕು. ನೋಡಿದ ಮೇಲಷ್ಟೇ ಔಷಧಿಯ ಬಾಟಲಿಗೆ ಕೈಹಾಕಬೇಕು.